ಅಡುಗೆಮನೆಯಿಂದ: ಏಕಾದಶಿಗೆ ಮರಗೆಣಸು



ಕಳೆದ ಸಂಚಿಕೆಯಲ್ಲಿ ಹುಳಿಯವಲಕ್ಕಿಯ ವಿಷಯ ಬರೆದ ಮೇಲೆ ಇಬ್ಬರು ಮೂವರು ಸೋದರಿಯರು ಫೋನು ಮಾಡಿ, "ಅದೆಲ್ಲ ಸರಿ, ಏಕಾದಶಿ ದಿನ ಅವಲಕ್ಕಿಯನ್ನೂ ಮುಟ್ಟದವರು ಏನು ತಿನ್ನಬೇಕು, ಅದನ್ನು ಬರೆಯಿರಿ" ಎಂದರು. ಈ ಪ್ರಶ್ನೆ ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ದೊಡ್ಡ ರಾಮಾಯಣವೇ ಆಗಿತ್ತು. ಅದನ್ನೇ ಹೇಳುತ್ತೇವೆ. ಹನಿ ನೀರನ್ನೂ ಮುಟ್ಟದೆ ಉಪವಾಸ ಮಾಡುವ ಮನೆಗಳವರು ಮಾತ್ರ ಈ ಪುಟವನ್ನು ದ್ವಾದಶಿಯ ಪಾರಣೆಯಾದ ಮೇಲೆ ಓದಿಕೊಳ್ಳಬೇಕಾಗಿ ವಿನಂತಿ.

1981ರಲ್ಲಿ ನಮ್ಮ ಅತ್ತೆಯವರು ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದರು. ಆಗ ನಾವು ವೆಂಬ್ಲಿಯಲ್ಲಿದ್ದೆವು. ಅತ್ತೆಯವರದು ಎಂದೂ ತಪ್ಪದ ಏಕಾದಶಿ. ಧಾನ್ಯ ಕೂಡದು, ಹಾಲು, ಹಣ್ಣು, ಸಂಜೆಗೆ ಒಂದಿಷ್ಟು ಸಬ್ಬಕ್ಕಿ ಉಪ್ಪಿಟ್ಟು. ಮೈಸೂರಿನ ಹವೆಗೆ ಅಷ್ಟು ಸಾಕಾಗುತ್ತಿತ್ತು. ಇಲ್ಲಿ ನಾವು ಮಾಡಿಕೊಟ್ಟ ಸಬ್ಬಕ್ಕಿ ಒಂದು ಸಲ ಅಂಟಿಕೊಂಡು ಮುದ್ದೆಯಾಯಿತು, ಇನ್ನೊಂದು ಸಲ ಒಳಗೆ ಹಸಿಯಾಗಿಯೇ ಉಳಿಯಿತು. "ಬೇಡ ಬಿಡಮ್ಮ, ಒಂದು ಲೋಟ ಹಾಲು ಸಾಕು" ಎಂದುಬಿಟ್ಟರು. ನಾವೂ ಕೆಲಸದ ಗಡಿಬಿಡಿಯಲ್ಲಿ ಸುಮ್ಮನಾದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಇಂಗ್ಲೆಂಡಿನ ದಾಖಲೆಯ ಚಳಿ ಬಿದ್ದದ್ದು ಆ 1982ರ ಜನವರಿಯಲ್ಲಿ. ಆ ಚಳಿಗಾಲದ ವೈಕುಂಠ ಏಕಾದಶಿಯ ದಿನ ನಾವಿಬ್ಬರೂ ಕೆಲಸದಲ್ಲಿದ್ದಾಗ ಅತ್ತೆಯವರು ಬಾಗಿಲ ಮೆಟ್ಟಿಲ ಮೇಲೆ ತಲೆಸುತ್ತಿ ಕುಸಿದು ಕುಳಿತರಂತೆ. ನೋಡಿದವರು ಪಕ್ಕದ ಮನೆಯ ಗುಜರಾತಿ ಅಮ್ಮ. ಒಳಗೆ ಕರೆದುಕೊಂಡು ಹೋಗಿ, ಬಿಸಿ ಹಾಲು ಕುಡಿಸಿ, ಕಂಬಳಿ ಹೊದಿಸಿ ಕೂರಿಸಿದ್ದರು. ಡಾಕ್ಟರು, "ಈ ವಯಸ್ಸಿಗೆ, ಈ ಚಳಿಗೆ, ಬರಿಹೊಟ್ಟೆ ಸಲ್ಲದು" ಎಂದರು. ಅತ್ತೆಯವರು ತಲೆಯಾಡಿಸಿದರು. ಆ ತಲೆಯಾಡಿಸುವಿಕೆಗೆ ಒಪ್ಪಿಗೆ ಎಂಬ ಅರ್ಥವಿಲ್ಲವೆಂದು ನಮಗೆ ಗೊತ್ತಿತ್ತು.

ಹದಿನೈದು ದಿನಕ್ಕೆ ಮುಂದಿನ ಏಕಾದಶಿ. ಸಂಜೆ ಗುಜರಾತಿ ಅಮ್ಮನೇ ಒಂದು ಮುಚ್ಚಿದ ಬಟ್ಟಲು ಹಿಡಿದು ಬಂದರು. ಅವರದೂ ಏಕಾದಶಿ. ಬಟ್ಟಲಲ್ಲಿ ಇದ್ದದ್ದು "ಮೋಗೋ". ಅತ್ತೆಯವರು ಒಂದು ತುಂಡು ಎತ್ತಿ ನೋಡಿದರು. "ಅಲ್ಲ ಕಣೇ, ಇದು ಮರಗೆಣಸಲ್ವೇ! ಸಂತೇಲಿ ಬೇಯಿಸಿ ಮಾರೋದು. ಇದನ್ನ ಏಕಾದಶಿಗೆ ಯಾರಾದ್ರೂ ತಿಂತಾರೇನೆ?"

ಆ ಅಮ್ಮ ಕಂಪಾಲಾದವರು. 1972ರ ಆಗಸ್ಟಿನಲ್ಲಿ ಇದಿ ಅಮೀನ್ ಉಗಾಂಡಾದ ಏಷ್ಯನ್ನರಿಗೆ 90 ದಿನಗಳ ಗಡುವು ಕೊಟ್ಟಾಗ ಸುಮಾರು 27,000 ಜನ ಈ ದೇಶಕ್ಕೆ ಬಂದರಲ್ಲ, ಅವರಲ್ಲಿ ಒಬ್ಬರು. ಮುಹೋಗೋ ಎಂಬುದು ಸ್ವಾಹಿಲಿ ಮಾತು. ಗುಜರಾತಿಗಳ ಬಾಯಲ್ಲಿ ಮೋಗೋ ಆಯಿತು. ಆಫ್ರಿಕದಲ್ಲಿ ನೆಲೆಸಿದ ಮೇಲೆ ಅಲ್ಲಿಯ ಗೆಡ್ಡೆಯನ್ನೇ ಅವರು ಉಪವಾಸದ ಫಲಾಹಾರಕ್ಕೆ ಸೇರಿಸಿಕೊಂಡರು. ಇಂದು ಈಲಿಂಗ್ ರೋಡಿನ ಅಂಗಡಿಗಳಲ್ಲಿ ಅದು ಸಿಗುವುದಿದ್ದರೆ ಅವರಿಂದಾಗಿ.

ಅತ್ತೆಯವರ ಮಾತಿಗೆ ಉತ್ತರ ಸಿಕ್ಕಿದ್ದು ನಮ್ಮ ಯಜಮಾನರಿಂದ. ಅವರು ಕಪಾಟಿನಿಂದ ಸಬ್ಬಕ್ಕಿಯ ಪೊಟ್ಟಣ ತಂದು ಮೇಜಿನ ಮೇಲಿಟ್ಟರು. "ಅಮ್ಮಾ, ಇದರ ಮೇಲೆ ಟ್ಯಾಪಿಯೋಕ ಅಂತ ಬರೆದಿದೆ. ಟ್ಯಾಪಿಯೋಕ ಅಂದ್ರೆ ಈ ಮರಗೆಣಸಿನ ಹಿಟ್ಟೇ." ನಿಜವೇ. ಸಬ್ಬಕ್ಕಿ ಮೊದಲು ಮಲಯಾ ಕಡೆಯ ಸಾಗೋ ತಾಳೆಮರದ ತಿರುಳಿನಿಂದ ಬರುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಆ ಸರಕು ನಿಂತಾಗ ಸೇಲಂ ಕಡೆಯವರು ಮರಗೆಣಸಿನ ಪಿಷ್ಟದಿಂದ ಕಾಳು ಕಟ್ಟತೊಡಗಿದರು. ನಾವು ಊರಿನಲ್ಲಿ ತಿಂದ ಸಬ್ಬಕ್ಕಿಯೆಲ್ಲ ಹೆಚ್ಚುಕಡಿಮೆ ಅದೇ. ಇಲ್ಲಿಯ ಶಾಲೆಯ ಊಟದಲ್ಲಿ ಹಿಂದೆ ಕೊಡುತ್ತಿದ್ದ, ಮಕ್ಕಳು ಕಪ್ಪೆಮೊಟ್ಟೆ ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದ ಪುಡ್ಡಿಂಗೂ ಅದೇ.

ಅತ್ತೆಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಇಷ್ಟು ವರ್ಷ ಇದನ್ನೇ ತಿಂದಿದೀನಿ ಅನ್ನು" ಎಂದು ಒಂದು ತುಂಡು ಬಾಯಿಗಿಟ್ಟರು.

ಶಾಸ್ತ್ರ ಬಲ್ಲವರು ನಮ್ಮ ಮೇಲೆ ಕೋಪಿಸಿಕೊಳ್ಳಬಾರದು. ಏಕಾದಶಿಗೆ ನಿಷೇಧವೆನ್ನುವುದು ಧಾನ್ಯಕ್ಕೆ, ಗೆಡ್ಡೆಗಲ್ಲ. ಇನ್ನು ಹಳೆಯ ಪದ್ಧತಿ ಎಂದರೆ ಆಲೂಗೆಡ್ಡೆ, ಕಡಲೆಕಾಯಿ, ಹಸಿಮೆಣಸಿನಕಾಯಿ ಕೂಡ ಮರಗೆಣಸಿನ ಹಾಗೆಯೇ ಅಮೆರಿಕ ಖಂಡದಿಂದ ಪರಂಗಿಯವರ ಹಡಗು ಹತ್ತಿ ಬಂದವು. ಅವು ಮಡಿಯಾದ ಮೇಲೆ ಇದೊಂದು ಏನು ಪಾಪ ಮಾಡಿತ್ತು?

ಈಗ ಮಾಡುವ ಕ್ರಮ. ನಾಲ್ಕೈದು ಜನಕ್ಕೆ ಒಂದು ಕಿಲೋ ಗೆಣಸು. ಸಿಪ್ಪೆ ತೆಗೆದು ಹೆಚ್ಚಿ ಫ್ರೀಜ್ ಮಾಡಿದ ಚೀಲ ಸಿಕ್ಕರೆ ಅರ್ಧ ಕೆಲಸ ಉಳಿಯಿತು. ಇಡೀ ಗೆಣಸು ಕೊಳ್ಳುವವರು ಅಂಗಡಿಯವನನ್ನು ಕೇಳಿ ಒಂದು ತುದಿ ಮುರಿಸಿ ನೋಡಿ. ಒಳಗೆ ಬೆಳ್ಳಗಿರಬೇಕು, ನೀಲಿ, ಕಪ್ಪು ಗೆರೆ ಕಂಡರೆ ಬೇಡ. ಅಗೆದ ಎರಡು ಮೂರು ದಿನಕ್ಕೇ ಕೆಡುವ ಪದಾರ್ಥವಾದ್ದರಿಂದ ಮೇಣ ಬಳಿದು ಕಳಿಸುತ್ತಾರೆ, ಹೊರಗಿನ ಹೊಳಪಿಗೆ ಮರುಳಾಗಬೇಡಿ. ಮೇಲಿನ ಕಂದು ತೊಗಟೆಯನ್ನೂ ಅದರ ಕೆಳಗಿನ ದಪ್ಪ ಸಿಪ್ಪೆಯನ್ನೂ ತೆಗೆಯಬೇಕು. ನಡುವಿನ ನಾರನ್ನು ಬೆಂದ ಮೇಲೆ ಎಳೆದರೆ ಸುಲಭವಾಗಿ ಬರುತ್ತದೆ.

ಒಂದು ಮಾತು ಮುಖ್ಯ. ಮರಗೆಣಸನ್ನು ಹಸಿಯಾಗಿ ತಿನ್ನಲೇಬಾರದು, ಮಕ್ಕಳ ಕೈಗೂ ಕೊಡಬಾರದು. ಅದರಲ್ಲಿ ಸಯನೈಡ್ ವಿಷ ಹುಟ್ಟಿಸುವ ಅಂಶವಿದೆ, ಸಿಪ್ಪೆಯಲ್ಲಿ ಇನ್ನೂ ಹೆಚ್ಚು. ತುಂಡು ಮಾಡಿ, ಧಾರಾಳವಾಗಿ ನೀರು ಹಾಕಿ, ಪಾತ್ರೆ ಮುಚ್ಚದೆ, ಅರ್ಧ ಗಂಟೆಯ ತನಕ ಚೆನ್ನಾಗಿ ಬೇಯಿಸಿ. ಆ ನೀರನ್ನು ಚೆಲ್ಲಿಬಿಡಿ. ಸಾರಿಗೆ ಬಳಸುವ ಜಾಣತನ ಬೇಡ.

ಬಾಣಲೆಗೆ ಎರಡು ಚಮಚ ತುಪ್ಪ, ಜೀರಿಗೆ, ಸೀಳಿದ ನಾಲ್ಕು ಹಸಿಮೆಣಸಿನಕಾಯಿ, ತುರಿದ ಶುಂಠಿ, ಕರಿಬೇವು. ಇಂಗು ಹಾಕಬೇಡಿ: ಅಂಗಡಿಯ ಪುಡಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆತಿರುತ್ತದೆ. ವ್ರತವೆಲ್ಲ ಅಲ್ಲಿಗೆ ಹೋಯಿತು! ಗೆಣಸು ಹಾಕಿ ಅಂಚು ಕೆಂಪಗಾಗುವವರೆಗೆ ಹುರಿದು, ಸೈಂಧವ ಲವಣ, ಹುರಿದು ತರಿಯಾಗಿ ಕುಟ್ಟಿದ ಅರ್ಧ ಬಟ್ಟಲು ಕಡಲೆಕಾಯಿಬೀಜ ಬೆರೆಸಿ ಇಳಿಸಿ. ಮೇಲೆ ನಿಂಬೆರಸ, ಕೊತ್ತಂಬರಿ, ಕಾಯಿತುರಿ. ಗುಜರಾತಿ ಅಮ್ಮ ಕಾಯಿ ಹಾಕುತ್ತಿರಲಿಲ್ಲ. ಅದು ಅತ್ತೆಯವರ ಸೇರ್ಪಡೆ. ಬಿಸಿಯಾಗಿಯೇ ತಿನ್ನಬೇಕು, ಆರಿದರೆ ರಬ್ಬರು. ಸಕ್ಕರೆ ಕಾಯಿಲೆಯವರು ಅಳತೆ ಮೀರಬೇಡಿ, ಇದು ಬರೀ ಪಿಷ್ಟ.

ಆ ಮೇಲೆ ಅತ್ತೆಯವರು ಇದ್ದಷ್ಟು ದಿನವೂ ಏಕಾದಶಿ ಎಂದರೆ ಎರಡು ಮನೆಯ ಬಟ್ಟಲುಗಳು ಅತ್ತಿತ್ತ ಓಡಾಡುತ್ತಿದ್ದವು. ಇವರಿಗೆ ಗುಜರಾತಿ ಬಾರದು, ಅವರಿಗೆ ಕನ್ನಡ ಬಾರದು. ಮಧ್ಯಾಹ್ನವೆಲ್ಲ ಏನು ಮಾತಾಡುತ್ತಿದ್ದರೋ ನಮಗೆ ಇಂದಿಗೂ ತಿಳಿಯದು.

1983ರಲ್ಲಿ ಮೈಸೂರಿಗೆ ಹಿಂತಿರುಗಿದ ಮೇಲೆ ಅತ್ತೆಯವರು ಬರೆದ ಮೊದಲ ಕಾಗದದಲ್ಲಿ ಯೋಗಕ್ಷೇಮವೆಲ್ಲ ಆದಮೇಲೆ, ಜಾಗವಿಲ್ಲದೆ ಅಂಚಿನಲ್ಲಿ ಅಡ್ಡಲಾಗಿ ಹೀಗೆ ಬರೆದಿದ್ದರು: "ದೇವರಾಜ ಮಾರ್ಕೆಟ್ಟಿನಲ್ಲಿ ಮರಗೆಣಸು ಸಿಕ್ಕಿತು. ಆದರೆ ಪಕ್ಕದ ಮನೆಯವರು ಮಾಡಿದಂತೆ ಹೂವಾಗಿ ಬೇಯಲಿಲ್ಲ. ಎಷ್ಟು ಹೊತ್ತು ಬೇಯಿಸುತ್ತಾರೆ, ಕೇಳಿ ಬರೆ."