ಹಿಂದಿನ ಸೀಟಿನಿಂದ ಒಂದು ಅಭಿಪ್ರಾಯ



ಕಳೆದ ವಾರ ನನ್ನ ತಂಗಿಯ ಮಗ ಬೆಂಗಳೂರಿನಿಂದ ಫೋನು ಮಾಡಿದ್ದ. ಹೊಸ ಕಾರು ಕೊಳ್ಳುವ ಸಂಭ್ರಮ. ಮನಸ್ಸು ಮಹೀಂದ್ರ ಸ್ಕಾರ್ಪಿಯೋ-ಎನ್ ಮೇಲೆ ನೆಟ್ಟಿದೆ. "ಏಳು ಜನ ಆರಾಮವಾಗಿ ಕೂರಬಹುದು ಮಾವ. ಅಮ್ಮ, ನೀವು, ಅತ್ತೆ, ಎಲ್ಲರೂ ಒಟ್ಟಿಗೇ ಪುತ್ತೂರಿಗೆ ಹೋಗಿಬರೋಣ" ಎಂದ. "ಏಳು ಜನರ ಚೀಲಗಳು ಎಲ್ಲಿ ಕೂರುತ್ತವೆ?" ಎಂದು ಕೇಳಿದೆ. "ಹಿಂದೆ ಹೇಗೋ ತುರುಕಿದರಾಯಿತು" ಎಂದು ನಕ್ಕ. ಆ "ಹೇಗೋ" ಎಂಬ ಮಾತಿನಿಂದಾಗಿಯೇ ಈ ಬರಹ.

ಮೊದಲೇ ಹೇಳಿಬಿಡುತ್ತೇನೆ, ನಾನು ಈ ವಾಹನದ ವಿರೋಧಿಯಲ್ಲ. 2002ರಲ್ಲಿ ಮೊದಲ ಸ್ಕಾರ್ಪಿಯೋ ಬಂದಾಗ ನಮ್ಮದೇ ದೇಶದ ಸಂಸ್ಥೆಯೊಂದು ಇಂಥದನ್ನು ರೂಪಿಸಿತಲ್ಲ ಎಂದು ತರಗತಿಯಲ್ಲಿ ಹೆಮ್ಮೆಯಿಂದ ಹೇಳಿದವನು ನಾನು. 2022ರಲ್ಲಿ ಬಂದ ಸ್ಕಾರ್ಪಿಯೋ-ಎನ್ ಇನ್ನೂ ದೊಡ್ಡದು: ಉದ್ದ 4662 ಮಿ.ಮೀ., ಮುಂದಿನ ಹಾಗೂ ಹಿಂದಿನ ಗಾಲಿಗಳ ನಡುವಿನ ಅಂತರ 2750 ಮಿ.ಮೀ. ಅದೇ ವರ್ಷದ ಡಿಸೆಂಬರಿನಲ್ಲಿ ಗ್ಲೋಬಲ್ ಎನ್‌ಸಿಎಪಿ ನಡೆಸಿದ ಅಪಘಾತ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ ಐದು ನಕ್ಷತ್ರಗಳನ್ನು ಪಡೆಯಿತು. ಮಕ್ಕಳ ರಕ್ಷಣೆಗೆ ದೊರೆತದ್ದು ಮೂರು ಎಂಬುದನ್ನೂ ಮರೆಯಬಾರದು.

ನನ್ನಂಥ ವಿಜ್ಞಾನದ ಮೇಷ್ಟರಿಗೆ ಸಂತೋಷ ಕೊಡುವ ಸಂಗತಿಯೊಂದು ಅದರ ಹಿಂದಿನ ಅಚ್ಚಿನಲ್ಲಿದೆ. ಅಚ್ಚು ಅಕ್ಕಪಕ್ಕ ಸರಿಯದಂತೆ ಹಿಡಿಯುವ ಸರಳುಗಳ ಜೋಡಣೆಗೆ ವ್ಯಾಟ್ ಲಿಂಕೇಜ್ ಎಂದು ಹೆಸರು. ಉಗಿಯಂತ್ರದ ಜೇಮ್ಸ್ ವ್ಯಾಟ್ 1784ರಲ್ಲಿ ಪೇಟೆಂಟ್ ಪಡೆದ ಉಪಾಯದಿಂದ ಬಂದದ್ದು ಅದು. ಎರಡು ಶತಮಾನಗಳ ಹಿಂದಿನ ಆ ತಂತ್ರ ಇಂದು ಹಿಂದೆ ಕೂತವರ ಓಲಾಟವನ್ನು ತಗ್ಗಿಸುತ್ತಿದೆ. ತಂತ್ರಜ್ಞಾನವೆಂದರೆ ಡ್ಯಾಶ್‌ಬೋರ್ಡಿನ ಮೇಲೆ ಹೊಳೆಯುವ ಪರದೆ ಮಾತ್ರವಲ್ಲ. ಪರದೆಯ ವಿಷಯದಲ್ಲಂತೂ ಜಗತ್ತೇ ಎರಡನೆಯ ಬಾರಿ ಯೋಚಿಸುತ್ತಿದೆ. ಇಂಡಿಕೇಟರ್, ವೈಪರ್, ಹಾರ್ನ್‌ಗಳಂಥವುಗಳಿಗೆ ಕೈಗೆ ಸಿಗುವ ಗುಂಡಿ ಅಥವಾ ಹಿಡಿಗಳಿಲ್ಲದ ಕಾರುಗಳಿಗೆ ಯುರೋ ಎನ್‌ಸಿಎಪಿ 2026ರ ನಿಯಮಗಳಲ್ಲಿ ಅಂಕ ಕಡಿತ ಮಾಡುತ್ತದೆ. ಕಣ್ಣು ರಸ್ತೆಯ ಮೇಲಿರಬೇಕಾದರೆ ಬೆರಳಿಗೆ ತಡವಿ ತಿಳಿಯುವ ಗುರುತು ಬೇಕು.

ಈಗ ಆಸನಗಳ ಮಾತು. ಇಂಥ ಗಟ್ಟಿಮುಟ್ಟಾದ ವಾಹನಗಳಲ್ಲಿ ಏಣಿಯ ಆಕಾರದ ಉಕ್ಕಿನ ಚೌಕಟ್ಟಿನ ಮೇಲೆ ಒಡಲನ್ನು ಕೂರಿಸುತ್ತಾರೆ. ಹಳ್ಳದಿಣ್ಣೆಗಳ ಪೆಟ್ಟನ್ನು ಆ ಚೌಕಟ್ಟು ತಾಳಿಕೊಳ್ಳುತ್ತದೆ. ಆದರೆ ಅದರಿಂದಾಗಿ ಒಳನೆಲ ಎತ್ತರವಾಗುತ್ತದೆ. ಹತ್ತುವವರ ಮಂಡಿಗೂ ಚೀಲ ಎತ್ತುವವರ ಸೊಂಟಕ್ಕೂ ಅದು ಕಷ್ಟ. ಮೂರನೆಯ ಸಾಲು ಹಿಂದಿನ ಅಚ್ಚಿನ ಆಸುಪಾಸಿನಲ್ಲಿರುವುದರಿಂದ ಕುಲುಕಾಟ ಅಲ್ಲೇ ಹೆಚ್ಚು. ಬಸ್ಸಿನ ಕೊನೆಯ ಸೀಟಿನಲ್ಲಿ ಪ್ರಯಾಣಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2022ರಲ್ಲಿ ಬಿಡುಗಡೆಯಾದಾಗ ಸ್ಕಾರ್ಪಿಯೋ-ಎನ್‌ನ ಈ ಸಾಲಿಗೆ ಪ್ರತ್ಯೇಕ ಎ.ಸಿ. ಕಿಂಡಿಗಳೂ ಇರಲಿಲ್ಲ. ಆ ಸಾಲಿನಲ್ಲಿ ಜನ ಕೂತರೆ ಅದರ ಹಿಂದೆ ಉಳಿಯುವುದು ಒಂದೆರಡು ಸಣ್ಣ ಚೀಲಗಳ ಜಾಗ. ಸಾಲನ್ನು ಮಡಚಿದರೆ ಮಾತ್ರ ವಿಶಾಲವಾದ ಸ್ಥಳ. ಜಾಹೀರಾತಿನ ಒಂದು ಚಿತ್ರದಲ್ಲಿ ಏಳು ನಗುಮುಖಗಳು, ಇನ್ನೊಂದರಲ್ಲಿ ರಾಶಿ ಸಾಮಾನು. ಎರಡೂ ನಿಜವೇ. ಏಕಕಾಲಕ್ಕೆ ನಿಜವಲ್ಲ, ಅಷ್ಟೇ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 1996ರ ಬೇಸಿಗೆ ರಜೆಯಲ್ಲಿ ನಾವು ಪುತ್ತೂರಿನ ಬಂಧುಗಳ ಮನೆಯಿಂದ ಬಾಡಿಗೆ ವಾಹನದಲ್ಲಿ ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ ಮರಳುತ್ತಿದ್ದೆವು. ಹಿಂದೆ ಸಾಮಾನು ಕಿಕ್ಕಿರಿದಿತ್ತು. ಹೊರಡುವ ಗಳಿಗೆಯಲ್ಲಿ ಅವರು ಪ್ರೀತಿಯಿಂದ ಕೊಟ್ಟ ದೊಡ್ಡ ಹಲಸಿನ ಹಣ್ಣನ್ನು ಚೀಲಗಳ ಮೇಲೆ ಇಟ್ಟವನು ನಾನೇ. ಸಕಲೇಶಪುರ ದಾಟಿದ ಮೇಲೆ ಹಸುವೊಂದು ಅಡ್ಡ ಬಂತು. ಚಾಲಕ ಬ್ರೇಕ್ ಒತ್ತಿದ. ವಾಹನ ನಿಂತಿತು, ಹಣ್ಣು ನಿಲ್ಲಲಿಲ್ಲ. ಸೀಟಿನ ಬೆನ್ನ ಮೇಲಿಂದ ಹಾರಿ ಅಮ್ಮನ ಬಲಭುಜಕ್ಕೆ ಬಡಿಯಿತು. ಅವರು ಬದುಕಿರುವ ತನಕ ಆ ಕೈಯನ್ನು ಪೂರ್ತಿಯಾಗಿ ಮೇಲೆತ್ತಲಾಗಲಿಲ್ಲ. ನ್ಯೂಟನ್ನನ ಮೊದಲನೆಯ ನಿಯಮವನ್ನು ಆ ವೇಳೆಗೆ ಹನ್ನೆರಡು ವರ್ಷಗಳಿಂದ ಪಾಠ ಮಾಡುತ್ತಿದ್ದವನು ನಾನು! ಅಮ್ಮ ಒಂದು ದಿನವೂ ನನ್ನನ್ನು ದೂರಲಿಲ್ಲ. ಅದೇ ಹೆಚ್ಚು ನೋಯಿಸಿತು.

ಹಳೆಯ ವಿದ್ಯಾರ್ಥಿಗಳು ಈ ಲೆಕ್ಕ ಮಾಡಿನೋಡಿ. ಗಂಟೆಗೆ 54 ಕಿ.ಮೀ. ಎಂದರೆ ಸೆಕೆಂಡಿಗೆ 15 ಮೀಟರ್. ಆ ವೇಗದಲ್ಲಿ ಬಂದ 12 ಕಿಲೋ ತೂಕದ ವಸ್ತು ಏನಕ್ಕಾದರೂ ಬಡಿದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ ಸರಾಸರಿ ಬಲ 1800 ನ್ಯೂಟನ್, ಅಂದರೆ ಸುಮಾರು 180 ಕಿಲೋ ಭಾರಕ್ಕೆ ಸಮ. ಆದ್ದರಿಂದ ಭಾರವಾದದ್ದು ಕೆಳಗೆ, ಸೀಟಿನ ಬೆನ್ನಿಗೆ ಒತ್ತಿಕೊಂಡಿರಲಿ. ಯಾವುದೂ ಸೀಟಿನ ಬೆನ್ನಿಗಿಂತ ಎತ್ತರಕ್ಕೆ ಏರದಿರಲಿ. ಏರಿದರೆ ಹಗ್ಗದಿಂದ ಬಿಗಿಯಿರಿ. ಚಾವಣಿಯ ಮೇಲೆ ಹೇರುವುದೂ ಪರಿಹಾರವಲ್ಲ. ಎತ್ತರದ ವಾಹನದ ಗುರುತ್ವಕೇಂದ್ರ ಮತ್ತಷ್ಟು ಮೇಲೇರಿ, ತಿರುವುಗಳಲ್ಲಿ ಸ್ಥಿರತೆ ಕುಗ್ಗುತ್ತದೆ.

ನನ್ನ ಅಭಿಪ್ರಾಯವಿಷ್ಟೇ. ವಾಹನದ ಸೌಕರ್ಯವನ್ನು ಚಾಲಕನ ಆಸನದಿಂದಲ್ಲ, ಕೊನೆಯ ಆಸನದಿಂದ ಅಳೆಯಬೇಕು. ದೂರದ ಪ್ರಯಾಣಕ್ಕೆ ಇಂಥ ವಾಹನವನ್ನು ಐದು ಜನರದೆಂದೇ ಭಾವಿಸಿ. ಮೂರನೆಯ ಸಾಲು ಊರೊಳಗಿನ ಮದುವೆ ಮುಂಜಿಗಳಿಗಿರಲಿ. ಕೊಳ್ಳುವ ಮುನ್ನ ಮನೆಯ ಹಿರಿಯರನ್ನು ಮಳಿಗೆಗೆ ಕರೆದೊಯ್ದು, ಅವರು ಹತ್ತಿ ಇಳಿಯುವುದನ್ನು ಕಣ್ಣಾರೆ ನೋಡಿ. ಮನೆಯ ದೊಡ್ಡ ಸೂಟ್‌ಕೇಸನ್ನೂ ಒಯ್ದು ಒಳಗಿಟ್ಟು ನೋಡಿ. ಮಳಿಗೆಯವರು ನಕ್ಕರೆ ನಗಲಿ.

ಅಳಿಯನಿಗೂ ಇದನ್ನೇ ಹೇಳಿದ್ದೇನೆ. ಪುತ್ತೂರಿಗೆ ಹೋಗುವಾಗ ಅವನ ತಾಯಿ ಮುಂದೆ ಕೂರಲಿ. ನಾನೂ ನಿಮ್ಮತ್ತೆಯೂ ಹಾಸನದಿಂದ ಬಸ್ಸಿನಲ್ಲಿ ಬರುತ್ತೇವೆ ಎಂದೆ. ಅವನಿಗೆ ಸ್ವಲ್ಪ ಬೇಸರವಾಗಿದೆ. ಇದನ್ನು ಓದಿದ ಮೇಲೆ ಅರ್ಥವಾದೀತು ಎಂದುಕೊಂಡಿದ್ದೇನೆ.