ಹುಚ್ಚು ಮನಸ್ಸಿನ ಹನ್ನೊಂದನೇ ಮುಖ

ಬೈಪೋಲಾರ್ ಅಂದ ಕೂಡಲೇ ಇಂಜಿನಿಯರಿಂಗ್ ಓದೋ ನಮಗೆ ನೆನಪಾಗೋದು ಟ್ರಾನ್ಸಿಸ್ಟರ್. ಇಲೆಕ್ಟ್ರಾನ್, ಹೋಲ್ ಎರಡೂ ಸೇರಿ ಕರೆಂಟ್ ಹರಿಸೋದರಿಂದ ಅದಕ್ಕೆ ಆ ಹೆಸರು. ಕ್ಯಾಂಟೀನಿಗೆ ಬಂದರೆ ಇದೇ ಪದಕ್ಕೆ ಬೇರೆ ಅರ್ಥ. ಬೆಳಿಗ್ಗೆ ನಕ್ಕು ಮಧ್ಯಾಹ್ನ ಸಿಟ್ಟಾದ ಗೆಳೆಯನಿಗೆ "ಏನಲೇ, ಬೈಪೋಲಾರ್ ಆಗೀಯೇನು?" ಅಂತೀವಿ. ಎಲ್ಲರೂ ನಗ್ತಾರೆ, ಚಹಾ ಮುಗೀತದೆ.

ನಿಜವಾದ ಬೈಪೋಲಾರ್ ಕಾಯಿಲೆ ಹೀಗೆ ಒಂದು ಮಧ್ಯಾಹ್ನದಲ್ಲಿ ಮುಗಿಯೋದಿಲ್ಲ. ಅದರಲ್ಲಿ ಉನ್ಮಾದದ ಕಾಲ ಅಂತ ಒಂದಿದೆ. ಆಗ ನಿದ್ದೆ ಬೇಡ ಅನಿಸುತ್ತದೆ, ಮಾತು ಓಡುತ್ತದೆ, ದುಡ್ಡು ನೀರಿನಂತೆ ಖರ್ಚಾಗುತ್ತದೆ, ಜಗತ್ತೇ ನನ್ನದು ಅನಿಸುತ್ತದೆ. ಆಮೇಲೆ ಖಿನ್ನತೆಯ ಕಾಲ. ಹಾಸಿಗೆಯಿಂದ ಏಳೋದೇ ದೊಡ್ಡ ಕೆಲಸ. ಇವು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇರುತ್ತವೆ. ಬಹಳ ಜನರಲ್ಲಿ ಇದು ಶುರುವಾಗೋದು ಹದಿಹರೆಯದ ಕೊನೆಗೆ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ. ಅಂದರೆ ನಮ್ಮ ವಯಸ್ಸಿಗೆ, ನಮ್ಮ ಹಾಸ್ಟೆಲ್ ರೂಮುಗಳಲ್ಲಿ.

ಇಂಥ ಕಾಯಿಲೆ ಇಟ್ಟುಕೊಂಡೇ ಊರೂರು ಸುತ್ತಿದ, ಸಾಹಸ ಮಾಡಿದ, ಬಿದ್ದು ಎದ್ದ ಒಬ್ಬರು ತಮ್ಮ ಕಥೆಯನ್ನು ಕನ್ನಡದಲ್ಲಿ ಬರೆಯಬಹುದಾ? ಬರೀಬೇಕು ಅಂತ ನಮ್ಮ ಅಭಿಪ್ರಾಯ. ಬರೆದರೆ ಓದೋಕೆ ನಾವು ತಯಾರಾಗಿರಬೇಕು ಅನ್ನೋದು ಅದಕ್ಕಿಂತ ಮುಖ್ಯ.

ಕನ್ನಡಕ್ಕೆ 'ಹುಚ್ಚು' ಅನ್ನೋ ಪದದ ಮೇಲೆ ಪ್ರೀತಿ ಇದೆ. ಕಾಲೇಜು ಬಿಟ್ಟು ಗಾಂಧೀಜಿಯ ಚಳವಳಿಗೆ ಧುಮುಕಿ, ಪತ್ರಿಕೆ, ನಾಟಕ, ಸಿನಿಮಾ, ಯಕ್ಷಗಾನ, ಪುತ್ತೂರಿನ ಬಾಲವನ ಅಂತ ಕೈ ಹಾಕದ ಕೆಲಸವೇ ಇಲ್ಲದ ಶಿವರಾಮ ಕಾರಂತರು 1948ರಲ್ಲಿ ತಮ್ಮ ಆತ್ಮಕಥೆಗೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಅಂತಲೇ ಹೆಸರಿಟ್ಟರು. ನಮ್ಮ ಹುನಗುಂದ ತಾಲೂಕಿನ ಐಹೊಳೆಗೆ ಹೋದರೆ ಹುಚ್ಚಿಮಲ್ಲಿ ಗುಡಿ ಇದೆ, ಹುಚ್ಚಪ್ಪಯ್ಯನ ಗುಡಿಯೂ ಇದೆ. ಗುಡಿಯ ಹೆಸರಿನಲ್ಲಿ ಹುಚ್ಚು ಇದ್ದರೆ ನಮಗೆ ಮುಜುಗರ ಇಲ್ಲ.

ಆದರೆ ಅದೇ ಪದ ಡಾಕ್ಟರ್ ಚೀಟಿಯೊಂದಿಗೆ ಮನೆಗೆ ಬಂದರೆ ದನಿ ಇಳಿಯುತ್ತದೆ. "ಗಾಳಿ ಸೋಕೇತಿ", "ಲಗ್ನ ಮಾಡಿದ್ರ ಸರಿ ಹೋಗ್ತಾನ", "ಯಾರಿಗೂ ಹೇಳಬ್ಯಾಡ್ರಿ". ಬಾಗಲಕೋಟೆಯಲ್ಲಿ ಯಾವ ಹಿರಿಯರನ್ನು ಕೇಳಿದರೂ ಮುಳುಗಡೆಯ ಕಥೆಯನ್ನು ಗಂಟೆಗಟ್ಟಲೆ ಹೇಳ್ತಾರೆ. ಮನೆ ಹೋದದ್ದು, ಓಣಿ ಹೋದದ್ದು, ನವನಗರಕ್ಕೆ ಬಂದದ್ದು ಎಲ್ಲಾ. ಮನಸ್ಸು ಮುಳುಗಿದ ಕಥೆಯನ್ನು ಮಾತ್ರ ಯಾರೂ ಹೇಳೋದಿಲ್ಲ. ಕಾರಂತರ ಹತ್ತು ಮುಖಗಳ ಪಕ್ಕದಲ್ಲಿ ಇದೊಂದು ಮುಖ ಖಾಲಿ ಉಳಿದಿದೆ.

ಇಂಗ್ಲಿಷಿನಲ್ಲಿ ಇಂಥ ಪುಸ್ತಕಗಳಿವೆ. ಅಮೆರಿಕದ ಮನಃಶಾಸ್ತ್ರಜ್ಞೆ ಕೇ ರೆಡ್‌ಫೀಲ್ಡ್ ಜೇಮಿಸನ್ 1995ರಲ್ಲಿ 'ಆ್ಯನ್ ಅನ್‌ಕ್ವಯಟ್ ಮೈಂಡ್' ಬರೆದರು. ಈ ಕಾಯಿಲೆಯ ಬಗ್ಗೆಯೇ ಸಂಶೋಧನೆ ಮಾಡುವ ಪ್ರೊಫೆಸರ್ ತನಗೂ ಅದೇ ಕಾಯಿಲೆ ಇದೆ ಅಂತ ಬಹಿರಂಗವಾಗಿ ಹೇಳಿದ್ದು ಸಣ್ಣ ಧೈರ್ಯ ಅಲ್ಲ. ನಮ್ಮ ದೇಶದಲ್ಲೂ ಪತ್ರಕರ್ತ ಶ್ರೀವತ್ಸ ನೇವಟಿಯಾ 2017ರಲ್ಲಿ 'ಹೌ ಟು ಟ್ರಾವೆಲ್ ಲೈಟ್' ಅನ್ನೋ ಆತ್ಮಕಥನ ತಂದರು.

ಇಲ್ಲಿ ಒಂದು ಅಪಾಯ ಇದೆ. ಸಾಹಸದ ಕಥೆ ಓದೋವಾಗ ಉನ್ಮಾದ ಬಹಳ ಚೆಂದ ಕಾಣುತ್ತದೆ. ಮೂರು ರಾತ್ರಿ ನಿದ್ದೆ ಮಾಡದೆ ಪ್ರಾಜೆಕ್ಟ್ ಮುಗಿಸಿದವನಿಗೆ ನಾವು "ಏನ್ ಎನರ್ಜಿ ಐತಲೇ" ಅಂತ ಚಪ್ಪಾಳೆ ತಟ್ಟೋ ಜನ. ಜೇಮಿಸನ್ ಇದನ್ನು ಮುಚ್ಚಿಡೋದಿಲ್ಲ. ಉನ್ಮಾದದಲ್ಲಿ ಹಾವು ಕಡಿತದ ಕಿಟ್‌ಗಳನ್ನು ಒಂದು ಡಜನ್ ಕೊಂಡದ್ದನ್ನೂ ಬರೀತಾರೆ, ಆಮೇಲೆ ಅಣ್ಣ ಬಂದು ಬಿಲ್ಲುಗಳ ರಾಶಿ ವಿಂಗಡಿಸಿ ಸಾಲ ತೀರಿಸಲು ನೆರವಾದದ್ದನ್ನೂ ಬರೀತಾರೆ. ಬಾದಾಮಿಯ ಕೆಂಪು ಬಂಡೆ ಹತ್ತೋಕೆ ದೇಶ ವಿದೇಶದಿಂದ ಜನ ಬರ್ತಾರಲ್ಲ, ಅವರನ್ನು ನೋಡಿ. ಮೇಲೆ ಹತ್ತುವವನ ಹಗ್ಗವನ್ನು ಕೆಳಗೆ ಒಬ್ಬ ಹಿಡಿದಿರುತ್ತಾನೆ. ಆ ಹಗ್ಗ ಹಿಡಿದವರು ಇಲ್ಲದ ಸಾಹಸದ ಪುಸ್ತಕ ನಮಗೆ ಬೇಡ. ಅವ್ವ, ಅಣ್ಣ, ರೂಮ್‌ಮೇಟ್, ಔಷಧಿ ಅಂಗಡಿಯ ಸಾಲ ಎಲ್ಲವೂ ಅದರಲ್ಲಿ ಬರಬೇಕು.

ಮಾತ್ರೆಯೂ ಬರಬೇಕು. ನಮ್ಮ ಫೋನಿನ ಬ್ಯಾಟರಿಯಲ್ಲಿರೋ ಲಿಥಿಯಂ ಧಾತುವಿನ ಲವಣವೇ ಈ ಕಾಯಿಲೆಗೆ ಔಷಧಿ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಇದನ್ನು ವರದಿ ಮಾಡಿದರು. ಪ್ರಮಾಣ ಕಡಿಮೆಯಾದರೆ ಕೆಲಸ ಮಾಡಲ್ಲ, ಸ್ವಲ್ಪ ಹೆಚ್ಚಾದರೆ ವಿಷ. ಅದಕ್ಕೇ ಆಗಾಗ ರಕ್ತ ಪರೀಕ್ಷೆ. ಇಷ್ಟು ಸಣ್ಣ ಟಾಲರೆನ್ಸ್‌ನಲ್ಲಿ ವರ್ಷಗಟ್ಟಲೆ ಬದುಕೋದು ಬಂಡೆ ಹತ್ತೋದಕ್ಕಿಂತ ಕಡಿಮೆ ಸಾಹಸವೇನಲ್ಲ. ಆದರೆ ಅದರ ಫೋಟೋ ಯಾರೂ ಹಾಕೋದಿಲ್ಲ.

ಎರಡನೇ ಅಪಾಯ ಅಯ್ಯೋ ಪಾಪ ಅನ್ನೋದು. ಕಾಯಿಲೆ ಇದ್ದವರ ಕಥೆ ಅಂದರೆ ಕಣ್ಣೀರಿನ ಕಥೆಯೇ ಅಂತ ನಾವು ಮೊದಲೇ ನಿರ್ಧಾರ ಮಾಡಿರ್ತೀವಿ. ಅವರೂ ಪ್ರವಾಸ ಮಾಡ್ತಾರೆ, ಪ್ರೀತಿಸ್ತಾರೆ, ಬನಶಂಕರಿ ಜಾತ್ರೆಯ ನಾಟಕ ನೋಡಿ ಹೊಟ್ಟೆ ಹಿಡಿದು ನಗ್ತಾರೆ. ಬದುಕಿನ ಎಲ್ಲಾ ಸಂತೋಷವನ್ನೂ ರೋಗದ ಲಕ್ಷಣ ಅಂತ ಬರೆದರೆ ಅದೂ ಅನ್ಯಾಯ.

ಇನ್ನು ನೆನಪಿನ ಪ್ರಶ್ನೆ. ಉನ್ಮಾದದ ದಿನಗಳು ಪೂರ್ತಿ ನೆನಪಿರೋದಿಲ್ಲ, ಖಿನ್ನತೆಯ ದಿನಗಳು ಎಲ್ಲವನ್ನೂ ಕಪ್ಪಾಗಿ ತೋರಿಸುತ್ತವೆ. ಹಾಗಾಗಿ ಬರೆಯುವವರು ಬಸ್ ಟಿಕೆಟ್, ಬ್ಯಾಂಕ್ ಪಾಸ್‌ಬುಕ್, ಮೆಸೇಜುಗಳ ಸಮಯ ನೋಡಬೇಕಾಗುತ್ತದೆ, ಮನೆಯವರನ್ನು ಕೇಳಬೇಕಾಗುತ್ತದೆ. ಸಿಸ್ಟಮ್ ಕ್ರ್ಯಾಶ್ ಆದ ಮೇಲೆ ಲಾಗ್ ಫೈಲ್ ಓದೋ ನಮಗೆ ಇದು ಬೇಗ ಅರ್ಥ ಆಗಬೇಕು. 'ಇಲ್ಲಿ ನನಗೆ ನೆನಪಿಲ್ಲ, ಅವ್ವ ಹೀಗೆ ಹೇಳ್ತಾಳೆ' ಅಂತ ಬರೆದರೆ ಪುಸ್ತಕದ ಮೇಲಿನ ನಂಬಿಕೆ ಹೆಚ್ಚುತ್ತದೆ.

ಇಂಗ್ಲಿಷಿನಲ್ಲಿ ಇದೆಯಲ್ಲ, ಕನ್ನಡದಲ್ಲಿ ಯಾಕೆ ಅಂತ ಕೇಳಬಹುದು. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ನಾವು ಜೇಮಿಸನ್ ಓದಬಹುದು. ಹಗ್ಗ ಹಿಡಿಯೋ ಅವ್ವ ಓದೋಕೆ ಆಗೋದಿಲ್ಲ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ಸಮೀಕ್ಷೆಯಲ್ಲಿ ಬೈಪೋಲಾರ್ ಇದ್ದವರಲ್ಲಿ ಸುಮಾರು 70 ಪ್ರತಿಶತ ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ಕಾಯಿಲೆಗೆ ಹೆಸರಿದೆ, ಔಷಧಿ ಇದೆ ಅಂತ ಮನೆ ಮಾತಿನಲ್ಲಿ ಗೊತ್ತಾದರೆ ಧಾರವಾಡದ ಡಿಮ್ಹಾನ್ಸ್‌ಗೆ ಬಸ್ಸು ಹತ್ತೋಕೆ ಧೈರ್ಯ ಬರುತ್ತದೆ.

ಹೇಳಿಕೊಳ್ಳೋದು ನಮ್ಮ ಸೀಮೆಗೆ ಹೊಸದೇನಲ್ಲ. ಕೃಷ್ಣೆಯ ಆಚೆ ದಂಡೆಯ ಮುದ್ದೇಬಿಹಾಳದ ಅರವಿಂದ ಮಾಲಗತ್ತಿಯವರು 'ಗೌರ್ಮೆಂಟ್ ಬ್ರಾಹ್ಮಣ' ಬರೆದು, ನಾಚಿಕೆ ಪಡಬೇಕಾದವರು ಯಾರು ಅನ್ನೋ ಪ್ರಶ್ನೆಯನ್ನು ಓದುಗರ ಕಡೆಗೇ ತಿರುಗಿಸಿದರು. ಇಳಕಲ್ಲಿನ ಮಹಾಂತ ಶಿವಯೋಗಿಗಳು ಊರೂರಿಗೆ ಜೋಳಿಗೆ ಹಿಡಿದು ಹೋಗಿ ಜನರ ದುಶ್ಚಟಗಳನ್ನು ಬೇಡಿದರು. ನಾಲ್ಕು ಜನರ ಮುಂದೆ "ನಾ ಕುಡೀತೀನ್ರಿ ಬುದ್ದಿ" ಅಂತ ಒಪ್ಪಿಕೊಂಡವರನ್ನು ಊರು ಬೈಯಲಿಲ್ಲ. ಬೈಪೋಲಾರ್ ಚಟ ಅಲ್ಲ, ಜೋಳಿಗೆಗೆ ಹಾಕಿ ಕೈ ತೊಳೆಯೋಕೂ ಬರೋದಿಲ್ಲ. ಆದರೆ ಹೇಳಿಕೊಂಡವರನ್ನು ಕೇಳಿಸಿಕೊಳ್ಳುವ ರೂಢಿ ನಮ್ಮಲ್ಲಿದೆ.

ಹೇಳದೇ ಇರೋ ಹಕ್ಕೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆ ಪಡೆಯುವವರ ಫೋಟೋ, ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಪ್ಲೇಸ್‌ಮೆಂಟ್, ಲಗ್ನ ಅಂತ ಯೋಚಿಸಿ ಸುಮ್ಮನಿರೋರನ್ನು ಅಂಜುಬುರುಕರು ಅಂತ ಕರೆಯೋ ಹಕ್ಕು ನಮಗಿಲ್ಲ.

ಹಾಗಾಗಿ ಸಂಘದ ಮುಂದೆ ನಮ್ಮ ಒಂದು ಬೇಡಿಕೆ. ಈ ಪತ್ರಿಕೆಯಲ್ಲಿ ಹೆಸರು ಹಾಕದೆ ಅನುಭವ ಬರೆಯೋಕೆ ಒಂದು ಪುಟ ಇಡೋಣ. ಯಾರು ಬರೆದದ್ದು ಅಂತ ಹುಡುಕಬಾರದು, ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಬಾರದು. ಪುಟದ ಕೆಳಗೆ ಟೆಲಿ ಮಾನಸ್ ನಂಬರ್ 14416 ಇರಲಿ. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮೊದಲ ತಿಂಗಳು ಪುಟ ಖಾಲಿ ಇದ್ದರೂ ಪರವಾಗಿಲ್ಲ, ತೆಗೆಯೋದು ಬೇಡ. ಮತ್ತೆ ಕ್ಯಾಂಟೀನ್‌ನಲ್ಲಿ ಬೈಪೋಲಾರ್ ಅನ್ನೋ ಪದವನ್ನು ಸದ್ಯಕ್ಕೆ ಟ್ರಾನ್ಸಿಸ್ಟರಿಗೆ ಮಾತ್ರ ಬಳಸೋಣ.