ಹೊಗೆನಕಲ್ಲಿನಲ್ಲಿ ಮೂರು ದಿನ, ಗಂಡಹೆಂಡಿರಿಗೊಂದು ಮನೆ



ಮದುವೆಯ ಕಾಲ ಮುಗಿಯುತ್ತಲೇ ನಮ್ಮ ಅಂಗಡಿಗೆ ಬರುವವರ ಬಾಯಲ್ಲಿ ಒಂದು ಮಾತು ಶುರುವಾಗುತ್ತದೆ. "ಮಗ ಸೊಸೆ ಇಬ್ಬರೇ ನಾಲ್ಕು ದಿನ ಎಲ್ಲಿಗಾದರೂ ಹೋಗಿ ಬರುತ್ತೇವೆ ಅನ್ನುತ್ತಾರೆ. ಕಳಿಸುವುದೋ ಬೇಡವೋ?" ಹೀಗೆ ಕೇಳುವವರು ಹೆಚ್ಚಾಗಿ ತಾಯಂದಿರು. ತಂದೆಯವರ ಚಿಂತೆ ಬೇರೆ. ಅಷ್ಟು ದಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು ಯಾರು ಎಂಬುದು ಅವರದು.

ಕಳಿಸಿ ಎಂಬುದು ನಮ್ಮ ಉತ್ತರ. ಯಾಕೆಂದು ಹೇಳುತ್ತೇವೆ.

ನಮ್ಮ ಬಳಗದ ಒಂದು ಮನೆ, ಹೆಸರು ಬೇಡ. ಕೆಳಗೆ ಅಂಗಡಿ, ಮೇಲೆ ಮನೆ, ಹನ್ನೊಂದು ಜನ. ದೂರದ ಊರಿನಿಂದ ಸೊಸೆ ತಂದರು. ಒಳ್ಳೆಯ ಹುಡುಗಿ, ಹುಡುಗನೂ ಒಳ್ಳೆಯವನೇ. ಬೆಳಗ್ಗೆ ಎಂಟಕ್ಕೆ ಕೆಳಗಿಳಿದರೆ ಅವನು ಮತ್ತೆ ಮೇಲೆ ಬರುವುದು ರಾತ್ರಿ ಹತ್ತಕ್ಕೆ. ಮಧ್ಯಾಹ್ನ ಊಟಕ್ಕೆ ಬಂದರೂ ಪಂಕ್ತಿಯಲ್ಲಿ ಎಲ್ಲರ ನಡುವೆ. ಆಷಾಢಕ್ಕೆ ತವರಿಗೆ ಹೋದ ಹುಡುಗಿ ದಸರಾ ಕಳೆದರೂ ಬರಲಿಲ್ಲ. ಎರಡೂ ಕಡೆಯ ಹಿರಿಯರು ಕೂತೆವು. ಹೊಡೆದರೋ, ಬೈದರೋ, ಒಡವೆಯ ಮಾತೋ ಎಂದು ಎಲ್ಲ ಕೇಳಿದ್ದಾಯಿತು. ಆಕೆ ಕೊನೆಗೆ ಹೇಳಿದ್ದು ಇಷ್ಟೇ: "ನನಗೆ ಅವರ ಮೇಲೆ ದೂರಿಲ್ಲ ಮಾವ. ಅವರು ಎಂಥವರು ಅನ್ನುವುದೇ ನನಗೆ ಇನ್ನೂ ಗೊತ್ತಿಲ್ಲ."

ಕೂತಿದ್ದ ಹಿರಿಯರಿಗೆಲ್ಲ ಮಾತು ನಿಂತುಹೋಯಿತು. ಒಂದೇ ಸೂರಿನ ಕೆಳಗೆ ಹನ್ನೊಂದು ಜನ ಇರುವುದು ನಮ್ಮ ಹೆಮ್ಮೆ. ಆದರೆ ಆ ಸೂರಿನ ಕೆಳಗೆ ಹೊಸ ಗಂಡಹೆಂಡಿರಿಗೆ ಹಗಲು ಹೊತ್ತು ಮಾತಾಡಲು ಒಂದು ಮೂಲೆ ಇರುವುದಿಲ್ಲ. ಅವರಿಬ್ಬರನ್ನೂ ಕಾರ್ತಿಕ ಹುಣ್ಣಿಮೆ ಕಳೆದ ಮೇಲೆ ಹೊಗೆನಕಲ್ಲಿಗೆ ಕಳಿಸಿದೆವು. ಛತ್ರ, ಲಾಡ್ಜು ಬೇಡ, ಅಡುಗೆಮನೆ ಇರುವ ಒಂದು ಪುಟ್ಟ ಮನೆಯನ್ನೇ ಹಿಡಿಯಿರಿ ಎಂದೆವು.

ಊಟಿ, ಕೊಡೈಕೆನಾಲ್ ಬಿಟ್ಟು ಹೊಗೆನಕಲ್ ಯಾಕೆ ಎಂದರೆ, ಹತ್ತಿರ. ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ಧರ್ಮಪುರಿ, ಪೆಣ್ಣಾಗರಂ ಮೇಲೆ ಹೋದರೆ ಸುಮಾರು 180 ಕಿಲೋಮೀಟರು. ಧರ್ಮಪುರಿಯವರೆಗೆ ರೈಲೂ ಉಂಟು, ಅಲ್ಲಿಂದ 46 ಕಿಲೋಮೀಟರು ಬಸ್ಸು. ಊರು ತಮಿಳುನಾಡಿನದು, ಹೆಸರು ಮಾತ್ರ ನಮ್ಮದು. ನೀರು ಬಂಡೆಗೆ ಬಡಿದು ತುಂತುರು ಹೊಗೆಯಂತೆ ಏಳುತ್ತದೆ, ಅದಕ್ಕೆ ಹೊಗೆಯ ಕಲ್ಲು. ನದಿಯ ಆಚೆ ದಡ ನಮ್ಮ ಚಾಮರಾಜನಗರ ಜಿಲ್ಲೆ.

ದಾರಿಯ ಧರ್ಮಪುರಿಯೇ ಹಳೆಯ ತಗಡೂರು, ನೊಳಂಬ ಅರಸರ ಊರು. ಅಲ್ಲಿ ನಿಧಿಯಣ್ಣ, ಚಂದಿಯಣ್ಣ ಎಂಬ ಅಣ್ಣತಮ್ಮಂದಿರು ಬಸದಿ ಕಟ್ಟಿಸಿದ್ದನ್ನು ಹೇಳುವ, ಒಂಬತ್ತನೆಯ ಶತಮಾನದ ಕೊನೆಯ ಕನ್ನಡ ಶಾಸನ ಸಿಕ್ಕಿದೆ. ಹುಣಸೆ, ಮಾವಿನ ವ್ಯಾಪಾರಕ್ಕೆ ಆ ಕಡೆ ಓಡಾಡುವ ನಮ್ಮವರಲ್ಲಿ ಎಷ್ಟು ಜನಕ್ಕೆ ಇದು ತಿಳಿದಿದೆಯೋ!

ಇನ್ನು ಕಾಲ. ಜಲಪಾತ ತುಂಬಿ ಸುರಿಯುವುದು ಜುಲೈನಿಂದ, ಅದೇ ನಮ್ಮ ಚಾತುರ್ಮಾಸ. ಹೋಗದಿರುವುದಕ್ಕೆ ವ್ರತ ಒಂದೇ ಕಾರಣವಲ್ಲ. ಕೃಷ್ಣರಾಜಸಾಗರ, ಕಬಿನಿ ತುಂಬಿ ನೀರು ಬಿಟ್ಟರೆ ಇಲ್ಲಿ ಹರಿಗೋಲೂ ನಿಲ್ಲುತ್ತದೆ, ಸ್ನಾನವೂ ನಿಲ್ಲುತ್ತದೆ. 2018ರ ಜುಲೈ, ಆಗಸ್ಟಿನಲ್ಲಿ ಲಕ್ಷ ಕ್ಯೂಸೆಕ್ ಮೀರಿ ನೀರು ಬಂತು. ದುಡ್ಡು ಕೊಟ್ಟು ಕೋಣೆ ಹಿಡಿದವರು ಕಿಟಕಿಯಿಂದ ನೋಡಿ ಬರಬೇಕಾಗುತ್ತದೆ. ಬಿಳಿಗುಂಡ್ಲುವಿನಲ್ಲಿ ಅಳೆಯುವ ನೀರಿನ ಲೆಕ್ಕ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ, ಅದನ್ನು ನೋಡಿ ಹೊರಡಿ. ಆಡಿ ಹದಿನೆಂಟರ ಹಬ್ಬದ ನೂಕುನುಗ್ಗಲು ಬೇಡವೇ ಬೇಡ, ಭಾನುವಾರವೂ ಬೇಡ. ಡಿಸೆಂಬರ್, ಜನವರಿ ಸರಿ. ಕಾವೇರಿ ನೀರಿನ ಜಗಳ ಎದ್ದಿರುವಾಗಲಂತೂ ನಮ್ಮ ನಂಬರಿನ ಗಾಡಿ ಆ ಕಡೆ ಒಯ್ಯಬಾರದು. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಬಸ್ಸು ಸುಟ್ಟದ್ದು ಎಲ್ಲರಿಗೂ ನೆನಪಿದೆ.

ಹರಿಗೋಲಿನ ಬಗ್ಗೆ ತಾಯಂದಿರಿಗೆ ಭಯ. ಬಿದಿರು ಹೆಣೆದ ದುಂಡನೆಯ ಬುಟ್ಟಿ. ಮೊದಲು ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಟಾರು. 2015ರಲ್ಲಿ ಮಗುಚಿ ಪ್ರಾಣಹಾನಿಯಾಗಿದೆ, ಮುಚ್ಚಿಡುವುದಿಲ್ಲ. ರಕ್ಷಣೆಯ ಜಾಕೆಟ್ಟು ಕೊಡದವನ ಹರಿಗೋಲು ಹತ್ತಬೇಡಿ, ಒಳಗೆ ಎದ್ದು ನಿಂತು ಫೋಟೋ ತೆಗೆಯಬೇಡಿ. ಬಂಡೆಗೋಡೆಗಳ ನಡುವಿನ ನಿಂತ ನೀರಿನಲ್ಲಿ ಸುತ್ತಿಸುತ್ತಾರೆ, ಅಲ್ಲಿ ಮಾತಾಡಿದರೆ ದನಿ ತಿರುಗಿ ಬರುತ್ತದೆ. ಎಣ್ಣೆ ತಿಕ್ಕುವವರು ದಾರಿಯುದ್ದಕ್ಕೂ ಕರೆಯುತ್ತಾರೆ, ದರ ಮೊದಲೇ ಮಾತಾಡಿ.

ನಮ್ಮವರಿಗೆ ನಿಜವಾದ ತೊಂದರೆ ಬೇರೆ. ನದಿಗೆ ಇಳಿಯುವ ದಾರಿಯ ಎರಡೂ ಬದಿಗೆ ಮೀನು ಕರಿಯುತ್ತಾರೆ. ಅದು ಅವರ ಹೊಟ್ಟೆಪಾಡು, ನಾವು ಮೂಗು ಮುರಿಯುವಂತಿಲ್ಲ. ಆದರೆ ಹೋಟೆಲಿನ ಊಟ ನಮಗೆ ಆಗದು. ಅದಕ್ಕೇ ಅಡುಗೆಮನೆ ಇರುವ ಮನೆ. ಮುಂಗಡ ಕಟ್ಟುವ ಮೊದಲೇ ಕೇಳಿ: ಗ್ಯಾಸ್ ಒಲೆ ಉಂಟೋ, ಇಳಿದವರು ಮಾಂಸ ಬೇಯಿಸುತ್ತಾರೋ, ನೀರು ಯಾವುದು. ಉತ್ತರ ಏನೇ ಬರಲಿ, ಕುಕ್ಕರ್, ಎರಡು ತಟ್ಟೆ, ಬಾಣಲೆ, ನೀರು ಸೋಸುವ ಬಟ್ಟೆ ನಿಮ್ಮದೇ ಒಯ್ಯಿರಿ. ಅಕ್ಕಿ, ಬೇಳೆ, ಚಟ್ನಿಪುಡಿ ಮನೆಯಿಂದ, ತರಕಾರಿ ಪೆಣ್ಣಾಗರಂನಲ್ಲಿ. ಕೋತಿಗಳಿವೆ, ಕಿಟಕಿ ತೆರೆದಿಟ್ಟು ಹೋಗಬೇಡಿ. ಊಟ ಸೂರ್ಯಾಸ್ತಕ್ಕೆ ಮೊದಲೇ ಮುಗಿಸುವವರಿಗೆ ಸಂಜೆ ಬಹಳ ಉದ್ದ. ಅದು ಒಳ್ಳೆಯದೇ.

"ಕೆರೆಯ ದಂಡೆಯಲ್ಲಿ ದಂಪತಿಗಳಿಗಾಗಿ" ಎಂದು ಜಾಹೀರಾತು ಹಾಕುತ್ತಾರೆ. ನೀರಿನ ಹತ್ತಿರ ಎಂದರೆ ಎಷ್ಟು ಹತ್ತಿರ ಎಂದು ಕೇಳಿ. ಹೊಗೆನಕಲ್ಲಿನ ಕೆಳಗೆ ನದಿ ಹೋಗಿ ಸೇರುವುದೇ ಮೆಟ್ಟೂರಿನ ದೊಡ್ಡ ಜಲಾಶಯ. ಅಣೆಕಟ್ಟು 1934ರಲ್ಲಿ ಮುಗಿದದ್ದು, ಪೂರ್ಣ ಮಟ್ಟ 120 ಅಡಿ. ನೀರು ಬಹಳ ಇಳಿದಾಗ ಪಣ್ಣವಾಡಿಯಲ್ಲಿ ಮುಳುಗಿದ ದೇವಾಲಯದ ನಂದಿಯೂ ಚರ್ಚಿನ ಗೋಪುರವೂ ಮೇಲೆ ಕಾಣುತ್ತವೆ. ಜನ ಅದನ್ನೇ ನೋಡಲು ಹೋಗುತ್ತಾರೆ. ಅಂಥ ವರ್ಷ ರೈತನಿಗೆ ಕೆಟ್ಟ ವರ್ಷ, ರೈತನ ಕೆಟ್ಟ ವರ್ಷ ಅಂಗಡಿಗೂ ಕೆಟ್ಟದ್ದೇ.

ನಮ್ಮ ಕಡೆಯ ದಡದಲ್ಲೇ ಇರಬೇಕೆಂದರೆ ಮಲೆ ಮಹದೇಶ್ವರ ಬೆಟ್ಟದ ಮೇಲಿಂದ ಗೋಪಿನಾಥಂ. ವೀರಪ್ಪನ್ ಹುಟ್ಟಿದ ಊರು ಎಂದು ಹೆದರುವವರು ಇನ್ನೂ ಇದ್ದಾರೆ. 1991ರಲ್ಲಿ ಅವನ ಕೈಯಲ್ಲಿ ಪ್ರಾಣ ಕೊಟ್ಟ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಆ ಊರಿನವರಿಗೆ ದೇವಸ್ಥಾನ ಕಟ್ಟಿಸಿಕೊಟ್ಟವರು. ವೀರಪ್ಪನ್ 2004ರ ಅಕ್ಟೋಬರಿನಲ್ಲಿ ಸತ್ತ. ಆಮೇಲೆ ಜಂಗಲ್ ಲಾಡ್ಜಸ್‌ನವರು ಅಲ್ಲಿ ಬಿಡಾರ ಮಾಡಿದ್ದಾರೆ. ಕಾಡಿನ ಶಾಂತಿ ಬೇಕಾದವರಿಗೆ ಅದು. ಆದರೆ ಅಡುಗೆ ಅವರದೇ, ಮೊದಲೇ ವಿಚಾರಿಸಿ.

ಆ ಹುಡುಗ ಹುಡುಗಿ ಮೂರು ದಿನಕ್ಕೆ ಹೋದವರು ಐದು ದಿನ ಇದ್ದರು. ನಾಲ್ಕನೆಯ ದಿನ ತಂದೆ ನಮ್ಮಲ್ಲಿಗೆ ಬಂದು, "ಎಲ್ಲ ನೀವು ಹೇಳಿದ್ದರಿಂದ, ಈಗ ಅಂಗಡಿಗೆ ನೀವೇ ಬಂದು ಕೂರಿ" ಎಂದರು. ಕೂತೆವು. ಬಂದ ಮೇಲೆ ಸೊಸೆ ಅತ್ತೆಯ ಹತ್ತಿರ ಹೇಳಿದಳಂತೆ: "ಅತ್ತೆ, ನಿಮ್ಮ ಮಗನಿಗೆ ಚಪಾತಿ ಲಟ್ಟಿಸಲು ಬರುತ್ತದೆ, ನಿಮಗೆ ಗೊತ್ತಿತ್ತಾ?" ಅತ್ತೆಗೆ ಗೊತ್ತಿರಲಿಲ್ಲ. ಈಗ ಆ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಅಂಗಡಿ ಬಾಗಿಲು ಹಾಕುತ್ತಾರೆ.